ಪುಟ್ಟ ಕನ್ನಡಿ ಹಿಡಿದು ಕೂತ ಮೇಡಂಗೆ

ಅವತ್ತು ನಿಮ್ಮ ಹೆಸರು ಕೇಳದೇ ಬಂದುಬಿಟ್ಟೆ ಮೇಡಂ, ಕ್ಷಮಿಸಿ. ದಂತ ಕ್ಲಿನಿಕ್‌ನಲ್ಲಿ ಡಾಕ್ಟರ್ ಪಕ್ಕ ನಿಂತು ಸಹಾಯ ಮಾಡುತ್ತಿದ್ದವರು ನೀವು.

ನನ್ನ ಮಗಳಿಗೆ 15 ವರ್ಷ. ಎರಡು ವರ್ಷದ ಬ್ರೇಸಸ್ ಅವತ್ತು ತೆಗೆದಿದ್ದರು. ಹಲ್ಲುಗಳು ಸಾಲಾಗಿ ಬಂದಿದ್ದವು. ಆದರೂ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೂತಿದ್ದಳು. "ನಗು ಚೆನ್ನಾಗಿ ಕಾಣ್ತಿಲ್ಲಮ್ಮಾ" ಅಂತ ಕಣ್ಣಲ್ಲಿ ನೀರು.

ನೀವು ಪುಟ್ಟ ಕನ್ನಡಿ ತಂದು ಅವಳ ಪಕ್ಕ ಕೂತಿರಿ. ಸುಮ್ನೆ "ಚೆನ್ನಾಗಿದೆ ಬಿಡು" ಅನ್ನಲಿಲ್ಲ. ವಸಡು ಸ್ವಲ್ಪ ಊದಿದೆ, ಅದಕ್ಕೇ ಹಲ್ಲು ಗಿಡ್ಡ ಕಾಣುತ್ತಿದೆ, ಚೆನ್ನಾಗಿ ಉಜ್ಜಿದರೆ ಕೆಲವು ವಾರಗಳಲ್ಲಿ ಇಳಿಯುತ್ತದೆ ಅಂದಿರಿ. ಮುಂದಿನ ಎರಡು ಹಲ್ಲಿಗಿಂತ ಅವುಗಳ ಪಕ್ಕದವು ಚೂರು ಗಿಡ್ಡ ಇರುವುದೇ ಸಹಜ ಅಂತ ತೋರಿಸಿದಿರಿ. ನಕ್ಕಾಗ ಮೇಲಿನ ಹಲ್ಲುಗಳ ಅಂಚು ಕೆಳತುಟಿಯ ಬಾಗಿನ ಜೊತೆಗೇ ಹೇಗೆ ಹೋಗುತ್ತದೆ ಅನ್ನುವುದನ್ನು ಬೆರಳಿನಿಂದ ಗಾಳಿಯಲ್ಲಿ ಗೀಚಿದಿರಿ. ಅದನ್ನು ನೋಡಲಿಕ್ಕಾಗಿ ಅವಳು ನಗಲೇಬೇಕಾಯಿತು. ಕೈ ತಾನಾಗಿಯೇ ಕೆಳಗಿಳಿಯಿತು.

ಬ್ರೇಸಸ್ ತೆಗೆದ ಮೇಲೆ ಹಲ್ಲು ಮತ್ತೆ ಜರುಗದಂತೆ ಹಾಕಿಕೊಳ್ಳುವ ರಿಟೇನರ್ ವಿಷಯವೂ ಅಷ್ಟೇ. ಹಲ್ಲು ಸರಿಯಾದ ಜಾಗಕ್ಕೆ ಬಂದರೂ ವಸಡಿನ ನಾರುಗಳು ಹಳೇ ಜಾಗದ ಕಡೆಗೇ ಎಳೆಯುತ್ತವೆ, ಅವು ಹೊಂದಿಕೊಳ್ಳಲು ತಿಂಗಳುಗಳೇ ಬೇಕು ಅಂತ ಅವಳಿಗೇ ನೇರವಾಗಿ ಹೇಳಿದಿರಿ. ನಾನು ಹೇಳಿದ್ದರೆ ಅದು ಡಬ್ಬಿಯಲ್ಲೇ ಉಳಿಯುತ್ತಿತ್ತು. ಬಿಸಿನೀರಲ್ಲಿ ತೊಳೆದರೆ ಆಕಾರ ಕೆಡುತ್ತದೆ ಅಂದಿದ್ದೂ ಅವಳಿಗೆ ನೆನಪಿದೆ.

ಮೊನ್ನೆ ತೆಗೆದ ಫೋಟೋದಲ್ಲಿ ಬಾಯ್ತುಂಬ ನಕ್ಕಿದ್ದಾಳೆ. ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್ ಮೇಡಂ.