ವೈವಾಕ್ಸ್ ಸಂಶೋಧನೆ ಮಂಗಳೂರಲ್ಲಿ ನಡೆಯಲಿ

ಮಾನ್ಯ ಸಂಪಾದಕರೇ,

ಮಲೇರಿಯಾ ರೋಗಿಗಳ ರಕ್ತದಲ್ಲಿರುವ ವೆಸಿಕಲ್ ಎಂಬ ಅತಿಸೂಕ್ಷ್ಮ ಚೀಲಗಳ ಅಧ್ಯಯನಕ್ಕೆ ನಮ್ಮ ಕರಾವಳಿಯಲ್ಲಿ ಆದ್ಯತೆ ಸಿಗಬೇಕು.

ಮಲೇರಿಯಾ ತರುವ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣಗಳು ಈ ಚೀಲಗಳನ್ನು ಹೊರಬಿಡುತ್ತವೆ. ಗಾಜಿನ ಪಟ್ಟಿಗೆ ರಕ್ತ ಸವರಿ ಮಾಡುವ ಸಾಮಾನ್ಯ ಪರೀಕ್ಷೆಯಲ್ಲಿ ಇವು ಕಾಣುವುದಿಲ್ಲ. ಗಾತ್ರವನ್ನು ಅಳೆಯುವುದೇ ನ್ಯಾನೊಮೀಟರ್‌ಗಳಲ್ಲಿ. ಹಿಂದೆ ಇವನ್ನು ಜೀವಕೋಶದ ಕಸವೆಂದೇ ಭಾವಿಸಲಾಗಿತ್ತು. ಆದರೆ ಮಲೇರಿಯಾದ ಒಂದು ಬಗೆಗೆ ಕಾರಣವಾದ ಫಾಲ್ಸಿಪಾರಂ ಪರಾವಲಂಬಿಗಳು ಇವುಗಳ ಮೂಲಕ ಪರಸ್ಪರ ಸಂದೇಶ ರವಾನಿಸುತ್ತವೆ, ಸೊಳ್ಳೆಗೆ ದಾಟಬಲ್ಲ ಹಂತಕ್ಕೆ ರೂಪಾಂತರಗೊಳ್ಳಲು ಈ ಸಂದೇಶ ಪ್ರಚೋದನೆ ನೀಡುತ್ತದೆ ಎಂಬುದನ್ನು 2013ರಲ್ಲಿ ಎರಡು ಸಂಶೋಧನಾ ತಂಡಗಳು ತೋರಿಸಿಕೊಟ್ಟವು. ಮಲೇರಿಯಾದ ಇನ್ನೊಂದು ಬಗೆಯಾದ ವೈವಾಕ್ಸ್‌ನ ರೋಗಿಗಳ ರಕ್ತದ ಚೀಲಗಳು ಗುಲ್ಮದ (ಸ್ಪ್ಲೀನ್) ಜೀವಕೋಶಗಳ ಮೇಲೂ ಪ್ರಭಾವ ಬೀರುತ್ತವೆ. ಸೋಂಕಿತ ರಕ್ತಕಣಗಳು ಅಲ್ಲಿ ಅಂಟಿಕೊಂಡು ಉಳಿಯಲು ಇದು ನೆರವಾಗುತ್ತದೆ ಎಂಬುದು ನಂತರದ ಅಧ್ಯಯನಗಳಿಂದ ಕಂಡುಬಂದಿದೆ.

ಮಂಗಳೂರನ್ನು ಹೆಚ್ಚಾಗಿ ಕಾಡಿರುವುದು ಈ ವೈವಾಕ್ಸ್ ಮಲೇರಿಯಾವೇ. ಯಕೃತ್ತಿನಲ್ಲಿ ಅಡಗಿ ಕುಳಿತು ತಿಂಗಳುಗಳ ಬಳಿಕ ಮರುಕಳಿಸುವ ಇದನ್ನು ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸುವ ವಿಧಾನ ಇನ್ನೂ ಸಿದ್ಧಿಸಿಲ್ಲ. ಹೀಗಾಗಿ ರೋಗಿಗಳ ರಕ್ತವೇ ಅಧ್ಯಯನಕ್ಕೆ ಮುಖ್ಯ ಆಧಾರ. ರೋಗವಿರುವ ಊರಲ್ಲದೆ ಈ ಕೆಲಸ ಬೇರೆಲ್ಲಿ ನಡೆದೀತು?

2030ರೊಳಗೆ ದೇಶವನ್ನು ಮಲೇರಿಯಾ ಮುಕ್ತವಾಗಿಸುವ ಗುರಿಯಿದೆ. ಪ್ರಕರಣಗಳು ಇಳಿದಂತೆಲ್ಲ ಮಾದರಿಗಳೂ ವಿರಳವಾಗುತ್ತವೆ. ಆದ್ದರಿಂದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಲ್ಲಿನ ವೈದ್ಯಕೀಯ ಕಾಲೇಜುಗಳ ಜೊತೆಗೂಡಿ, ರೋಗಿಗಳ ಒಪ್ಪಿಗೆ ಪಡೆದು, ಚಿಕಿತ್ಸೆಗೆ ಮೊದಲು ಮತ್ತು ನಂತರದ ಪ್ಲಾಸ್ಮಾ (ರಕ್ತದ ದ್ರವಭಾಗ) ಮಾದರಿಗಳನ್ನು ಸಂಗ್ರಹಿಸಿಡಬೇಕು. ಚೀಲಗಳನ್ನು ಬೇರ್ಪಡಿಸುವ ದುಬಾರಿ ಯಂತ್ರವನ್ನು ಎಲ್ಲ ಕಾಲೇಜುಗಳೂ ಹಂಚಿಕೊಳ್ಳುವಂತೆ ಒಂದೇ ಕಡೆ ಒದಗಿಸಿದರೆ ಸಾಕು.

– ಜೀವವಿಜ್ಞಾನ ಉಪನ್ಯಾಸಕಿ, ಮಂಗಳೂರು