ಯುದ್ಧಕಾಲದ ದಾಖಲೆ ಅಂತ ಹಗುರ ಮಾಡ್ಬೇಡಿ

ಸಂಪಾದಕರೇ, ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಸೂಪರ್ ಬೌಲ್ ಬಂದಾಗೆಲ್ಲ ಕ್ರೀಡಾ ಪುಟದಲ್ಲಿ ಈಗಿನ ಸ್ಟಾರ್‌ಗಳ ಫೋಟೋ ಹಾಕ್ತೀರಿ, ಸಂತೋಷ. ಆದ್ರೆ 1940ರ ದಶಕದಲ್ಲಿ ಷಿಕಾಗೊ ಬೇರ್ಸ್ ಟೀಮಿನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಬಾಲ್ ಎಸೆದು ಆಟ ನಡೆಸೋನು, ಆಗಿದ್ದ ಸಿಡ್ ಲಕ್‌ಮನ್ ಬಗ್ಗೆ ಒಂದು ಸಾಲೂ ಕಾಣಲ್ಲ. ಈ ಆಟ ನೋಡೋ ನಮ್ಮ ಹುಡುಗ್ರ ಹತ್ರ ಹೆಸರೆತ್ತಿದ್ರೆ ಅಯ್ಯೋ ಬಿಡಿ ಸಾರ್, ಎರಡನೇ ಮಹಾಯುದ್ಧದಲ್ಲಿ ಒಳ್ಳೇ ಪ್ಲೇಯರ್‌ಗಳೆಲ್ಲ ಮಿಲಿಟರಿಲಿದ್ರು, ಆಗ ಯಾರು ಬೇಕಾದ್ರೂ ದಾಖಲೆ ಹೊಡೀಬಹುದಿತ್ತು ಅಂತಾರೆ. ನನ್ನ ತಕರಾರು ಈ ಮಾತಿಗೆ.

ಅರ್ಧ ನಿಜ, ಒಪ್ಕೋತೀನಿ. 1943ರಲ್ಲಿ ಆಟಗಾರರೇ ಸಾಲದೆ ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ ಎರಡೂ ಟೀಮ್ ಸೇರಿಸಿ ಒಂದು ಮಾಡಿದ್ರು, ಬೇರ್ಸ್ ಕೋಚ್ ಜಾರ್ಜ್ ಹಾಲಸ್ ನೌಕಾಪಡೆಗೆ ಹೋಗಿದ್ರು, ಯಾವತ್ತೋ ರಿಟೈರ್ ಆಗಿದ್ದ ಬ್ರಾಂಕೊ ನಗುರ್ಸ್ಕಿನ ವಾಪಸ್ ಕರೆಸಿದ್ರು. ಆದ್ರೆ ಆ ಸಪ್ಪೆ ಎದುರಾಳಿಗಳು ಲೀಗಿನ ಎಲ್ಲಾ ಕ್ವಾರ್ಟರ್‌ಬ್ಯಾಕ್‌ಗಳಿಗೂ ಸಿಕ್ಕಿದ್ರಲ್ವಾ? ಲಕ್‌ಮನ್ ಆ ವರ್ಷ ಎಸೆದದ್ದು ಬರೀ 202 ಪಾಸ್, ಅದ್ರಲ್ಲಿ 28 ಟಚ್‌ಡೌನ್ (ಬಾಲ್‌ನ ಎದುರಾಳಿ ಗೆರೆ ದಾಟಿಸಿ ಅಂಕ ಗಳಿಸೋದು), ಹೆಚ್ಚುಕಮ್ಮಿ ಏಳಕ್ಕೊಂದು. ಒಂದು ಸೀಸನ್‌ನಲ್ಲಿ ಈ ಸರಾಸರಿನ ಇವತ್ತಿಗೂ ಯಾರೂ ದಾಟಿಲ್ಲ. ನವೆಂಬರ್ 14ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನಲ್ಲಿ ಅವನಿಗೇ ಸನ್ಮಾನ ಇಟ್ಕೊಂಡಿದ್ರು, ಬ್ರೂಕ್ಲಿನ್ ಹುಡುಗ ತಾನೆ, ಸನ್ಮಾನ ಮಾಡಿಸ್ಕೊಂಡ ಪುಣ್ಯಾತ್ಮ ಅದೇ ಊರಿನ ಜೈಂಟ್ಸ್ ಮೇಲೆ 7 ಟಚ್‌ಡೌನ್ ಪಾಸ್ ಎಸೆದು 56-7ಕ್ಕೆ ಮಣ್ಣು ಮುಕ್ಕಿಸಿದ. ಏಳರ ಸಮಕ್ಕೆ ಆಮೇಲೆ ಪೇಟನ್ ಮ್ಯಾನಿಂಗ್ ಥರ ಕೆಲವ್ರು ಬಂದ್ರು, ಎಂಟು ಯಾರಿಂದ್ಲೂ ಆಗಿಲ್ಲ.

ಇನ್ನೊಂದು, 1940ರ ಫೈನಲ್‌ನಲ್ಲಿ ವಾಷಿಂಗ್ಟನ್‌ನ 73-0ಗೆ ಹೊಡೆದಾಗ ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರ್ಲಿಲ್ಲ. ಮೂರು ವಾರ ಮುಂಚೆ ಅದೇ ಟೀಮಿಗೆ ಇವರು 7-3ರಲ್ಲಿ ಸೋತಿದ್ರು! ಅವತ್ತು ಲಕ್‌ಮನ್ ಪಾಸ್ ಎಸೆದದ್ದೇ ಕಮ್ಮಿ, ಕೆಲಸ ಮಾಡಿದ್ದು ಆಟಗಾರರನ್ನ ನಿಲ್ಲಿಸೋ ಟಿ ಫಾರ್ಮೇಶನ್ ಅನ್ನೋ ವ್ಯೂಹ. ಕಾಲೇಜಲ್ಲಿ ನಾಲ್ಕೈದು ಗಜ ಹಿಂದೆ ನಿಂತು ಬಾಲ್ ಹಿಡೀತಿದ್ದವನು ಇಲ್ಲಿ ಬಾಲ್ ಹಿಂದಕ್ಕೆ ಕೊಡೋ ಸೆಂಟರ್ ಬೆನ್ನಿಗಂಟಿ ನಿಂತು ಬಾಲ್ ಇಸ್ಕೊಂಡು, ಗಿರ್ರನೆ ತಿರುಗಿ, ಯಾರಿಗೆ ಕೊಟ್ಟ ಅಂತ ಎದುರಿನವ್ರಿಗೆ ಗೊತ್ತಾಗದ ಹಾಗೆ ಮಾಡ್ಬೇಕಿತ್ತು, ಇದನ್ನೆಲ್ಲ ಹೊಸದಾಗಿ ಕಲಿತ. ಡಿಫೆನ್ಸ್‌ನಲ್ಲೂ ಅವನೇ, ಪಂಟ್ ಅಂತ ಬಾಲ್‌ನ ದೂರಕ್ಕೆ ಒದೆಯೋದೂ ಅವನೇ, ಈಗಿನವ್ರಿಗೆ ಆ ಕಷ್ಟ ಇಲ್ಲ ಬಿಡಿ.

1944ರಿಂದ ಮರ್ಚೆಂಟ್ ಮರೀನ್ ಅನ್ನೋ ಸರಕು ಹಡಗು ಸೇವೇಲಿ ಡ್ಯೂಟಿ, ಟೀಮ್ ಜೊತೆ ಪ್ರಾಕ್ಟೀಸ್ ಇಲ್ಲ, ಪರ್ಮಿಷನ್ ಸಿಕ್ಕಿದ ವಾರಾಂತ್ಯಕ್ಕೆ ಮಾತ್ರ ಮ್ಯಾಚ್. ಯುದ್ಧ ಮುಗಿದು ಎಲ್ರೂ ವಾಪಸ್ ಬಂದ ಮೇಲೆ ಏನಾಯ್ತು ನೋಡಿ. 1946ರ ಫೈನಲ್, ಕೊನೇ ಕ್ವಾರ್ಟರ್, 14-14. ಎದುರಿನವ್ರೆಲ್ಲ ಬಾಲ್ ಬೇರ್ಸ್‌ನ ಜಾರ್ಜ್ ಮೆಕಾಫಿ ಕೈಲಿದೆ ಅಂದ್ಕೊಂಡು ಅವನ ಹಿಂದೆ ಬಿದ್ರು, ಅಷ್ಟು ಜೋರಾಗಿ ಓಡೋನೇ ಅಲ್ಲದ ಲಕ್‌ಮನ್ ಬಾಲ್‌ನ ಸೊಂಟದ ಹತ್ರ ಬಚ್ಚಿಟ್ಕೊಂಡು ಇನ್ನೊಂದು ಕಡೆಯಿಂದ 19 ಗಜ ಓಡಿ ಟಚ್‌ಡೌನ್ ಮಾಡ್ದ. ಬೇರ್ಸ್ 24-14ಕ್ಕೆ ಗೆದ್ರು, ಅವನಿಗೆ ಅದು ನಾಲ್ಕನೇ ಚಾಂಪಿಯನ್‌ಶಿಪ್.

ಯಾವಾಗಾದ್ರೂ ಭಾನುವಾರದ ಪುರವಣಿಲಿ ಜಾಗ ಇದ್ರೆ 1946ರ ಈ ಫೈನಲ್ ಬಗ್ಗೆ ಬರೆಸಿ ಸಾರ್. 73-0 ಬಗ್ಗೆ ಎಲ್ರೂ ಬರೀತಾರೆ.

ಇಂತಿ,
ನಿಮ್ಮ ಕ್ರೀಡಾ ಪುಟದ ಓದುಗ