ಪ್ರಯೋಗಾಲಯದ ಕ್ಯಾನ್ಸರ್ ಸುದ್ದಿಗೆ ಕೋಶ ಬೆಳೆಸಿದ ಸ್ಥಿತಿಯ ವಿವರವೂ ಬೇಕು

ಮಾನ್ಯ ಸಂಪಾದಕರೇ,

ಯಾವುದೋ ಸಸ್ಯದ ಸಾರ ಅಥವಾ ಹೊಸ ರಾಸಾಯನಿಕವೊಂದು ಪ್ರಯೋಗಾಲಯದಲ್ಲಿ ಮನುಷ್ಯರ ಕ್ಯಾನ್ಸರ್ ಕೋಶಗಳನ್ನು ಕೊಂದಿತೆಂಬ ವರದಿಗಳು ಪತ್ರಿಕೆಗಳ ವಿಜ್ಞಾನ ಪುಟಗಳಲ್ಲಿ ಆಗಾಗ ಬರುತ್ತವೆ. ಆ ಕೋಶಗಳನ್ನು ಹೇಗೆ ಬೆಳೆಸಲಾಗಿತ್ತು ಎಂಬ ಮಾಹಿತಿ ಮಾತ್ರ ಅಪರೂಪ. ಚಿಕಿತ್ಸೆಗಾಗಿ ಕಾಯುತ್ತಿರುವ ರೋಗಿಗಳೂ ಅವರ ಮನೆಯವರೂ ಆಸೆಯಿಂದ ಓದುವ ಸುದ್ದಿಯಿದು. ಈ ಕೊರತೆಯನ್ನು ಸಣ್ಣದೆನ್ನಲಾಗದು.

ಗಡ್ಡೆಯಿಂದ ತೆಗೆದ ಕೋಶ ಪ್ರಯೋಗಾಲಯದ ತಟ್ಟೆಯಲ್ಲಿ ಹೇಗೆ ಬೆಳೆಯುತ್ತದೆಂಬುದು ಅದರ ಸುತ್ತಲಿನ ದ್ರವ, ಅನಿಲ ಮತ್ತು ನೆರೆಯ ಕೋಶಗಳನ್ನು ಬಹುವಾಗಿ ಅವಲಂಬಿಸಿದೆ. 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನೂ 7.4ರ ಆಸುಪಾಸಿನ ಪಿಎಚ್ ಮಟ್ಟವನ್ನೂ ಎಲ್ಲರೂ ಕಾಯ್ದುಕೊಳ್ಳುತ್ತಾರೆ. ಆದರೆ ಪೋಷಕ ದ್ರವಕ್ಕೆ ಹೆಚ್ಚಾಗಿ ಶೇ 10ರಷ್ಟು ಬೆರೆಸುವ ಕರುವಿನ ಭ್ರೂಣದ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಬೆಳವಣಿಗೆಯ ಅಂಶಗಳ ಪ್ರಮಾಣ ಒಂದೊಂದು ತಯಾರಿಕೆಯಲ್ಲಿ ಒಂದೊಂದು ರೀತಿ ಇರುವುದಲ್ಲದೆ, ಅದರ ಪ್ರೋಟೀನುಗಳು ಹಲವು ಔಷಧಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಸೀರಂ ಕಡಿಮೆ ಮಾಡಿದಾಗ ಅದೇ ಔಷಧ ಹೆಚ್ಚು ಪ್ರಬಲವಾಗಿ ತೋರಬಹುದು. ಬಹುಬಳಕೆಯ ಒಂದು ಪೋಷಕ ದ್ರವದಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇರುತ್ತದೆ. ಆರೋಗ್ಯವಂತರ ರಕ್ತದಲ್ಲಿ ಊಟಕ್ಕೆ ಮುಂಚೆ ಇರುವುದು ಸುಮಾರು 1 ಗ್ರಾಂ.

ಆಮ್ಲಜನಕದ ಅಂತರ ಇನ್ನೂ ದೊಡ್ಡದು. ಕೋಶಗಳನ್ನು ಬೆಚ್ಚಗಿಟ್ಟು ಬೆಳೆಸುವ ಸಾಮಾನ್ಯ ಇನ್‌ಕ್ಯುಬೇಟರಿನ ಗಾಳಿಯಲ್ಲಿ ಅದು ಶೇ 18ಕ್ಕಿಂತ ಹೆಚ್ಚಿದ್ದರೆ, ಅನೇಕ ಗಡ್ಡೆಗಳ ಒಳಭಾಗದಲ್ಲಿ ಶೇ 2ಕ್ಕಿಂತ ಕಡಿಮೆ. ಅಂಥ ಕೊರತೆಯಲ್ಲಿರುವ ಕೋಶಗಳು ವಿಕಿರಣಕ್ಕೂ ಸುಲಭವಾಗಿ ಬಗ್ಗುವುದಿಲ್ಲ. ಕೋಶಗಳ ದಟ್ಟಣೆಯೂ ಮುಖ್ಯ: ತೀರಾ ವಿರಳವಾಗಿದ್ದರೆ ಅವು ತಾವೇ ಸ್ರವಿಸುವ ಪ್ರಚೋದಕಗಳು ಸಾಲದೆ ಸೊರಗುತ್ತವೆ, ತಟ್ಟೆ ತುಂಬಿದರೆ ಅನೇಕ ತಳಿಗಳ (ಒಂದೇ ಮೂಲದಿಂದ ಬೆಳೆಸುತ್ತ ಬಂದ ಕೋಶಗಳ) ವಿಭಜನೆ ನಿಧಾನವಾಗಿ, ವಿಭಜನೆಯನ್ನೇ ಗುರಿಯಾಗಿಸುವ ಔಷಧ ದುರ್ಬಲವೆನಿಸುತ್ತದೆ. 1955ರಲ್ಲಿ ವಿಜ್ಞಾನಿಗಳಾದ ಪಕ್ ಮತ್ತು ಮಾರ್ಕಸ್, ಗರ್ಭಕಂಠದ ಕ್ಯಾನ್ಸರಿನಿಂದ ಬಂದ ಹೀಲಾ ತಳಿಯ ಒಂಟಿ ಕೋಶಗಳಿಂದ ಗುಂಪುಗಳನ್ನು ಬೆಳೆಸಲು, ವಿಭಜನೆಯಾಗದಂತೆ ವಿಕಿರಣಕ್ಕೊಡ್ಡಿದ ಬೇರೆ ಕೋಶಗಳ ಆಸರೆಯನ್ನು ಒದಗಿಸಿದ್ದರು. ರೋಗಿಯಿಂದ ನೇರವಾಗಿ ತೆಗೆದ ಗಡ್ಡೆಯ ತುಣುಕಿನಲ್ಲಾದರೆ ತೊಂದರೆ ಬೇರೆಯೇ. ಅದರೊಂದಿಗೆ ಬಂದ ಆರೋಗ್ಯವಂತ ಫೈಬ್ರೊಬ್ಲಾಸ್ಟ್‌ಗಳೇ (ಅಂಗಾಂಶವನ್ನು ಬೆಸೆಯುವ ಕೋಶಗಳು) ಬೇಗ ಹಬ್ಬಿ ಗಡ್ಡೆಯ ಕೋಶಗಳನ್ನು ಮೂಲೆಗೊತ್ತುತ್ತವೆ.

ದ್ರವವನ್ನು ಕದಡದೆ, ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದೆ ಸೇರಿಕೊಳ್ಳುವ ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ, ಪೋಷಕಾಂಶಗಳನ್ನು ಕಬಳಿಸಿ ಬೆಳವಣಿಗೆಯ ಲೆಕ್ಕವನ್ನೇ ಕೆಡಿಸುತ್ತದೆ. ಕೋಶದ ಗುರುತೂ ಖಚಿತವಿರಬೇಕು. ಬೇರೆ ಬೇರೆ ಎಂದು ನಂಬಲಾಗಿದ್ದ ಹಲವು ತಳಿಗಳು ವಾಸ್ತವದಲ್ಲಿ 1951ರ ಹೀಲಾ ಕೋಶಗಳೇ ಎಂದು ವಿಜ್ಞಾನಿ ಗಾರ್ಟ್ಲರ್ 1966ರಲ್ಲಿ ತೋರಿಸಿದ್ದರು. ಸ್ತನ ಕ್ಯಾನ್ಸರಿನದೆಂದು ಬಹುಕಾಲ ಬಳಸಿದ ಎಂಡಿಎ-ಎಂಬಿ-435 ತಳಿಯು ಚರ್ಮದ ಕ್ಯಾನ್ಸರಾದ ಮೆಲನೋಮಾದ್ದೆಂದು ನಂತರ ತಿಳಿಯಿತು.

ಆದ್ದರಿಂದ ಇಂಥ ವರದಿಗಳಲ್ಲಿ ಕೋಶದ ತಳಿ, ಅದರ ಗುರುತಿನ ಪರೀಕ್ಷೆ, ಸೀರಂ ಹಾಗೂ ಆಮ್ಲಜನಕದ ಪ್ರಮಾಣ, ಅದೇ ಔಷಧ ಆರೋಗ್ಯವಂತ ಕೋಶಗಳಿಗೆ ಏನು ಮಾಡಿತು ಎಂಬುದನ್ನು ಎರಡು ಸಾಲಿನಲ್ಲಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ